ಸೋಮವಾರದ ತಲೆನೋವು

ತಲೆನೋವು ಬಂದವರಿಗೆ ಬುದ್ಧಿ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೊನ್ನಾಳಿಯ ತವರು ಬಿಟ್ಟು ಜಗಳೂರಿಗೆ ಸೊಸೆಯಾಗಿ ಬಂದ ಮೇಲೆ ನನಗೆ ತಲೆನೋವೂ ಇವರ ಕಾಟವೂ ಒಟ್ಟಿಗೇ ಶುರುವಾದವು. ಎಡಗಣ್ಣಿನ ಹಿಂದೆ ಸುತ್ತಿಗೆಯಿಂದ ಕುಟ್ಟಿದಂಥ ನೋವು, ಬೆಳಕು ಕಂಡರೆ ವಾಂತಿ. ಗಂಡ "ಮೊಬೈಲ್ ನೋಡಾದು ಬಿಡು" ಅಂದ. ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ನಾವೆಲ್ಲ ಕೆಮ್ಮಿ ಸಾಯುತ್ತಿದ್ದರೆ ಅವರು ಮೂಗಿಗೆ ಸೆರಗು ಹಿಡಿದು, "ಘಾಟೇ ಇಲ್ಲ ನೋಡ್ರಿ, ದೃಷ್ಟೀನೇ ಆಗೈತೆ" ಅಂದರು!

ದಾವಣಗೆರೆಯ ಡಾಕ್ಟರಮ್ಮ ಒಬ್ಬರೇ, ನೋವು ಯಾವಾಗ ಬರುತ್ತದೆ ಎಂದು ಕೇಳಿದವರು.

"ಹೆಚ್ಚಾಗಿ ಸೋಮವಾರ."

"ಸೋಮವಾರ ಏನು ಮಾಡ್ತೀರಿ?"

"ಏನೂ ತಿನ್ನಲ್ಲ."

ಇದು ಮೈಗ್ರೇನ್, ಹೊಟ್ಟೆ ಖಾಲಿ ಬಿಟ್ಟರೆ ಕೆರಳುತ್ತದೆ ಅಂದರು. ಹೊತ್ತಿಗೆ ಸರಿಯಾಗಿ ಊಟ, ನೀರು, ನಿದ್ದೆ ಬೇಕು. ಮೆಡಿಕಲ್ ಶಾಪಿನ ಮಾತ್ರೆ ಸಿಕ್ಕಸಿಕ್ಕಂತೆ ನುಂಗಿದರೆ ಅದರಿಂದಲೇ ತಲೆನೋವು ಜಾಸ್ತಿಯಾಗುತ್ತದೆ.

ಆದರೆ ನಮ್ಮ ಮನೆಯಲ್ಲೊಂದು ಕಟ್ಟಳೆ. ಸೋಮವಾರ ಮಾವ ಮನೆದೇವರ ಪೂಜೆ ಮುಗಿಸುವವರೆಗೆ ಯಾರೂ ಬಾಯಿಗೆ ಹನಿ ನೀರೂ ಹಾಕುವಂತಿಲ್ಲ. ಮಾವನೋ, ಬೆಳಗ್ಗೆ ಮೆಕ್ಕೆಜೋಳದ ಅಂಗಡಿಗೆ ಹೋದವರು ಬಿಸಿಲು ನೆತ್ತಿಗೇರಿದ ಮೇಲೆ ಬರುತ್ತಿದ್ದರು. ಡಾಕ್ಟರ ಮಾತು ಹೇಳಿದ್ದಕ್ಕೆ ಅತ್ತೆ ಸಿಡಿದರು: "ಆಕಿ ಬಂದು ದೇವ್ರಿಗೆ ಹೇಳ್ತಾಳೇನು? ಈ ಮನಿಗೆ ಬಂದಾಗಿಂದ ನಾನೂ ತಲಿಗೆ ಬಟ್ಟೆ ಬಿಗ್ಕೊಂಡೇ ಸೋಮ್ವಾರ ಮಾಡೀನಿ. ಸತ್ತೀನಾ?" ನಾನೂ ಸೋಮವಾರ ಉಪವಾಸವೇ ಇರುತ್ತ ಬಂದೆ. ಕದ್ದು ತಿನ್ನಲು ನಾನೇನು ಬೆಕ್ಕೇ?

ಹೋದ ಬೇಸಿಗೆಯ ಒಂದು ಸೋಮವಾರ ನನ್ನ ಮಗಳು, ಇನ್ನೂ ಪ್ರೈಮರಿ ಶಾಲೆಯ ಕೂಸು, ಬಚ್ಚಲಲ್ಲಿ ವಾಂತಿ ಮಾಡಿಕೊಂಡಳು. "ಅವ್ವಾ, ತಲಿ ಈ ಕಡಿ ಮಾತ್ರ ನೋಯ್ತೈತೆ." ಈ ಶನಿ ಅವಳಿಗೂ ಅಂಟಿತೇ? ಅತ್ತೆ ಮೆಣಸಿನಕಾಯಿ ಡಬ್ಬಿಗೆ ಕೈ ಹಾಕಿದರು. "ಅದನ್ನ ಅಲ್ಲೇ ಇಡ್ರಿ!" ಎಂದು ಕಿರುಚಿ, ಮಾವನನ್ನು ಪೂಜೆಗೆ ಕರೆದುಕೊಂಡೇ ಬರುತ್ತೇನೆಂದು ಮಗಳನ್ನು ಎತ್ತಿಕೊಂಡು ಹಿಂದಿನ ಬೀದಿಯ ಅಂಗಡಿಗೆ ನಡೆದೆ.

ಅಂಗಡಿಯಲ್ಲಿ ಮಾವ ಇರಲಿಲ್ಲ. ಎದುರಿನ ಹೋಟೆಲಿನ ಬೆಂಚಿನ ಮೇಲೆ ಕೂತಿದ್ದರು. ಮುಂದೆ ಮಂಡಕ್ಕಿ, ಕೈಯಲ್ಲಿ ಅರ್ಧ ಕಚ್ಚಿದ ಮಿರ್ಚಿ ಬಜ್ಜಿ, ಪಕ್ಕದಲ್ಲಿ ಚಹಾ.

"ಸಾವ್ಕಾರ್ರಿಗೆ ಸೋಮ್ವಾರ ಇದು ಖಾಯಂ" ಎಂದು ಹೋಟೆಲಿನವನು ಹಲ್ಲು ಕಿರಿದ.

"ಇದೇನ್ ಊಟಾನಾ? ಮಂಡಕ್ಕಿ ಕಣವ್ವ" ಅಂದರು ಮಾವ. ನಾಚಿಕೆಯಾದರೂ ಬೇಡವೇ!

ಮಗಳನ್ನು ಅವರ ಪಕ್ಕದಲ್ಲೇ ಕೂರಿಸಿ ಇಡ್ಲಿ ತರಿಸಿದೆ. ಅವಳು ನಿಧಾನಕ್ಕೆ ತಿಂದಳು. ನಾನೂ ತಿಂದೆ, ಅವರನ್ನೇ ದುರುಗುಟ್ಟಿ ನೋಡುತ್ತ.

ಮನೆಗೆ ಬಂದು ಅತ್ತೆಗೆ ಕಂಡದ್ದನ್ನು ಕಂಡಂತೆ ಹೇಳಿದೆ. ಮೈಮೇಲೆ ಬೀಳುತ್ತಾರೆ ಅಂದುಕೊಂಡಿದ್ದೆ.

"ಪ್ರತಿ ಸೋಮ್ವಾರನಾ?" ಅಂದರು.

"ಖಾಯಂ ಅಂತ್ರಿ."

ಸೀದಾ ಒಳಗೆ ಹೋದರು. ಮಾವ ಬಂದು, ಏನೂ ಆಗದವರಂತೆ, "ನೀರು ಕಾದೈತೇನು? ಪೂಜಿ ಮಾಡ್ಬೇಕು" ಎಂದು ಕೂಗಿದಾಗ ಅತ್ತೆ ಅಡುಗೆಮನೆಯ ಬಾಗಿಲಿಗೆ ಬಂದರು. ಬಾಯಲ್ಲಿ ರೊಟ್ಟಿ ಇತ್ತು. ಅಗಿದು ನುಂಗುವವರೆಗೂ ಗಂಡನನ್ನು ಕಾಯಿಸಿದರು.

"ಪೂಜಿ ನಾನೇ ಮಾಡ್ದೆ. ಇನ್ಮ್ಯಾಲೆ ನಾನೇ ಮಾಡ್ತೀನಿ, ಹೊತ್ತು ಮೂಡಿದ ಕೂಡ್ಲೆ. ನೀವು ಹೋಗ್ರಿ, ಮಂಡಕ್ಕಿ ತಿನ್ರಿ."