ಸಿಟಿ ಬಸ್ಸಿನಲ್ಲಿ ಬಂದ ಹೊರಗಿನ ಗೋಲು

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮಂಗಳೂರಿನ ಕೊಡಿಯಾಲ್‌ಬೈಲಿನ ಒಂದು ಹೈಸ್ಕೂಲಿನಲ್ಲಿ ನಾನು ವ್ಯಾಯಾಮ ಶಿಕ್ಷಕನಾಗಿದ್ದೆ. ಶಾಲೆ ಬಿಟ್ಟ ಮೇಲೆ, ಭಾನುವಾರಗಳಲ್ಲಿ, ಫುಟ್‌ಬಾಲ್ ರೆಫ್ರಿ. ನಿವೃತ್ತನಾಗುವವರೆಗೂ ವಿಶಲ್ ಊದಿದೆ, ಬೈಗುಳವನ್ನೂ ಹೊಟ್ಟೆ ತುಂಬ ತಿಂದೆ. ಆದರೆ ಹಳಬರು ಸಿಕ್ಕಾಗ ಈಗಲೂ ಕೇಳುವುದು ಒಂದೇ ಪಂದ್ಯದ ಬಗ್ಗೆ. ಉತ್ತರ ಹೇಳುವಾಗ ನನ್ನ ಧ್ವನಿ ಈಗಲೂ ಏರುತ್ತದೆ.

ಅದಕ್ಕೆ ಕಾರಣ ನನ್ನ ಸೋದರಮಾವ. ಕೊಡಿಯಾಲ್‌ಬೈಲಿನಲ್ಲಿ ಅವರದೊಂದು ಹೋಟೆಲಿತ್ತು. ಸಂಜೆಯಾದರೆ ಅಲ್ಲಿ ಉರ್ವ, ಬಂದರು ಎಂಬ ಊರಿನ ಎರಡು ಕೇರಿಗಳವರೂ ಒಂದೇ ಮೇಜಿನಲ್ಲಿ ಕೂತು, ಯೂರೋಪಿನ ಕ್ಲಬ್ಬುಗಳ ನಾಕೌಟ್ ಕಪ್ಪಿನ ಬಗ್ಗೆ ಗಂಟಲು ಹರಿಯುವಂತೆ ವಾದಿಸುತ್ತಿದ್ದರು. ಯಾರೋ ಗಲ್ಫಿನಿಂದ ತಂದ ರೇಡಿಯೊದಲ್ಲಿ ಕೇಳಿದ ಫಲಿತಾಂಶ ಹೇಳುತ್ತಿದ್ದರು, ಇನ್ಯಾರೋ ಅದು ಸುಳ್ಳೆನ್ನುತ್ತಿದ್ದರು. ಆ ವರ್ಷದ ಸೀಸನ್ ಮುಗಿಯುವಷ್ಟರಲ್ಲಿ ಮಾವನಿಗೂ ಹುಚ್ಚು ಹತ್ತಿತು. ಅದೇ ಮಾದರಿಯಲ್ಲಿ ಮಂಗಳೂರಿನ ಕ್ಲಬ್ಬುಗಳಿಗೆ ಒಂದು ಕಪ್ ಇಡುವುದಾಗಿ ಘೋಷಿಸಿದರು.

ಅದುವರೆಗೆ ನಮ್ಮ ಟೂರ್ನಮೆಂಟುಗಳೆಲ್ಲ ಊರ ನಡುವಿನ ದೊಡ್ಡ ಮೈದಾನದಲ್ಲೇ ನಡೆಯುತ್ತಿದ್ದವು. ಸ್ವಂತ ಮೈದಾನ, ಎದುರಾಳಿಯ ಮೈದಾನ ಎಂಬ ಭೇದವೇ ಯಾರಿಗೂ ಗೊತ್ತಿರಲಿಲ್ಲ. ಮಾವ ಅದನ್ನು ಬದಲಿಸಿದರು. ಪ್ರತಿ ಜೋಡಿಗೆ ಎರಡು ಪಂದ್ಯ, ಒಂದು ಇವರಲ್ಲಿ, ಒಂದು ಅವರಲ್ಲಿ. ಎರಡರ ಗೋಲು ಕೂಡಿಸಿದಾಗ ಸಮವಾದರೆ, ಎದುರಾಳಿಯ ಮೈದಾನದಲ್ಲಿ ಹೆಚ್ಚು ಗೋಲು ಹೊಡೆದವರು ಗೆದ್ದಂತೆ. 'ಹೊರಗಿನ ಗೋಲಿ'ನ ಈ ಕೊನೆಯ ನಿಯಮವನ್ನು ಅವರು ಸಭೆಯಲ್ಲಿ ಎದ್ದು ನಿಂತು ಓದಿದರು. "ಯೂರೋಪಿನಲ್ಲಿ ಹೇಗೆ ಉಂಟೋ ಹಾಗೆಯೇ ಇಲ್ಲಿಯೂ. ಒಂದು ಅಕ್ಷರ ಕಮ್ಮಿ ಇಲ್ಲ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅರ್ಥವಾದವರು ಎಷ್ಟು ಮಂದಿಯೋ ಕಾಣೆ.

ರೆಫ್ರಿ ನಾನೇ ಆಗಬೇಕೆಂದರು. ನಮ್ಮದು ಅಳಿಯಕಟ್ಟಿನ ಕುಟುಂಬ, ಮನೆತನ ಸಾಗುವುದು ಸೋದರಮಾವನಿಂದ ಅಳಿಯನಿಗೆ. ಅಪ್ಪನ ಮಾತಿಗೆ ಎದುರಾಡಿದರೂ ನಡೆಯುತ್ತದೆ, ಮಾವನ ಮಾತಿಗೆ ಎದುರಿಲ್ಲ. ಬಂದರಿನ ತಂಡದ ಯಜಮಾನ ಹಸನ್ ಬ್ಯಾರಿ, ಒಣಮೀನಿನ ವ್ಯಾಪಾರಿ, ನನ್ನನ್ನು ಪಕ್ಕಕ್ಕೆ ಕರೆದು ನೇರವಾಗಿಯೇ ಕೇಳಿದರು: "ಮಾಸ್ಟ್ರೇ, ಕಪ್ ನಿಮ್ಮ ಮಾವನದ್ದು. ಉರ್ವದ ಟೀಮೂ ಅವರದ್ದೇ. ವಿಶಲ್ ಯಾರದ್ದು?"

"ವಿಶಲ್ ನನ್ನದು" ಎಂದೆ.

ಫೈನಲಿಗೆ ಬಂದದ್ದೂ ಈ ಎರಡೇ ತಂಡಗಳು. ಮೊದಲ ಪಂದ್ಯ ಬಂದರಿನಲ್ಲಿ. ಬಂದರಿನವರು ಒಂದು ಗೋಲಿನಿಂದ ಗೆದ್ದರು, ಉರ್ವದವರಿಗೆ ಗೋಲೇ ಸಿಗಲಿಲ್ಲ. ಎರಡನೆಯದು ಉರ್ವದಲ್ಲಿ. ಮೈದಾನದ ಸುತ್ತ ಕಾಲಿಡಲು ಜಾಗವಿಲ್ಲದಷ್ಟು ಜನ, ಮುಂದಿನ ಸಾಲಿನ ನಡುವಿನ ಕುರ್ಚಿಯಲ್ಲಿ ಬಿಳಿ ಪಂಚೆಯ ಮಾವ. ಉರ್ವದವರು ಎರಡು ಗೋಲು ಹೊಡೆದರು, ಬಂದರಿನವರು ಒಂದು. ಕೂಡಿಸಿದರೆ ಎರಡು-ಎರಡು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಉರ್ವದವರ ಗೋಲ್‌ಕೀಪರ್ ಪೆನಾಲ್ಟಿ ತಡೆಯುವುದರಲ್ಲಿ ಎತ್ತಿದ ಕೈ. ಸಮವಾಯಿತಲ್ಲ, ಇನ್ನು ಪೆನಾಲ್ಟಿಗೆ ಹೋದರೆ ಕಪ್ ನಮ್ಮದೇ ಎಂದು ಅವರು ಆಟವನ್ನೇ ನಿಲ್ಲಿಸಿಬಿಟ್ಟರು. ಚೆಂಡು ಸಿಕ್ಕಿದರೆ ಸಾಕು, ಪಕ್ಕದ ತೆಂಗಿನ ತೋಟಕ್ಕೆ ಒದೆಯುವುದು. ಸುಮ್ಮನೆ ಬಿದ್ದು ಕಾಲು ಹಿಡಿದುಕೊಳ್ಳುವುದು. ಮಾವ ಎದ್ದು ನಿಂತು, "ಹಾಗೆಯೇ, ಹಾಗೆಯೇ! ಟೈಮ್ ತೆಗೀರಿ!" ಎಂದು ಹುರಿದುಂಬಿಸುತ್ತಿದ್ದರು. ಸೋಲುತ್ತಿರುವ ತಂಡ ಸಮಯ ಹಾಳು ಮಾಡುವುದನ್ನು ನಾನು ನೋಡಿದ್ದು ಅದೊಂದೇ ಸಲ. ಆದರೆ ರೆಫ್ರಿ ಯಾವ ತಂಡಕ್ಕೂ ಪಾಠ ಹೇಳುವಂತಿಲ್ಲ. ಹಾಳಾದ ಸಮಯವನ್ನು ಸೇರಿಸಿ ಆಡಿಸಿದೆ. ಕೊನೆಯ ವಿಶಲ್ ಊದಿ, ಬಂದರಿನವರ ಕಡೆ ಕೈ ತೋರಿಸಿದೆ.

ಆಮೇಲೆ ಜನ ಒಳಗೆ ನುಗ್ಗಿದರು. ಯಾರೋ ನನ್ನ ಕಾಲರ್ ಹಿಡಿದರು. "ನಮ್ಮವನಾಗಿ ಅವರಿಗೆ ಕಪ್ ಕೊಡ್ತೀಯಾ?" ಎಂದು ಇನ್ನೊಬ್ಬ ಕಿವಿಯ ಹತ್ತಿರವೇ ಕಿರುಚಿದ. ಮಾವ ಬಂದದ್ದೇ ಜನ ದಾರಿ ಬಿಟ್ಟರು.

"ಎಂತ ಅಳಿಯ ಇದು? ಸಮ ಉಂಟಲ್ಲ! ಪೆನಾಲ್ಟಿ ಹೊಡಿಸು."

"ಆಗುವುದಿಲ್ಲ ಮಾವ. ಅವರದ್ದು ಹೊರಗಿನ ಗೋಲು ಒಂದುಂಟು, ನಿಮ್ಮದಿಲ್ಲ. ನಿಯಮ ಓದಿದ್ದು ನೀವೇ."

"ಎಂತ ಹೊರಗಿನ ಗೋಲು ಮಾರಾಯ? ಅವರೆಂತ ಇಟಲಿಯಿಂದ ಬಂದದ್ದಾ? ಸಿಟಿ ಬಸ್ಸಲ್ಲಿ ಬಂದದ್ದು!"

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಆ ನಗುವಿನಲ್ಲಿ ನಾನೂ ಸೇರಿ ಪೆನಾಲ್ಟಿ ಹೊಡೆಸಿದ್ದರೆ ಎಲ್ಲ ಅಲ್ಲಿಗೇ ತಣ್ಣಗಾಗುತ್ತಿತ್ತು. ಮಾವ ಧ್ವನಿ ತಗ್ಗಿಸಿದರು. "ಇವತ್ತು ನನ್ನ ಮರ್ಯಾದೆ ತೆಗೆದರೆ ನಾಳೆಯಿಂದ ನನ್ನ ಮನೆ ಮೆಟ್ಟಿಲು ಹತ್ತಬೇಡ, ಅಳಿಯ."

ನನ್ನನ್ನು ಓದಿಸಿದವರು ಅವರು. ಆದರೂ ಸಿಟ್ಟು ಬಂತು. ತಾನೇ ಮಾಡಿದ ನಿಯಮ ತನಗೆ ತಾಗಿದ ಕೂಡಲೇ ತಮಾಷೆಯಾಗಿಬಿಟ್ಟಿತಲ್ಲ!

"ಅಳಿಯ ಮನೆಯಲ್ಲಿ, ಮಾವ. ಗೆರೆಯ ಒಳಗೆ ನಾನು ರೆಫ್ರಿ. ನೀವು ಮೊದಲು ಗೆರೆಯ ಆಚೆ ಹೋಗಿ" ಎಂದೆ.

ಎಲ್ಲರಿಗೂ ಕೇಳಿಸಿತು. ಮಾವ ಪಂಚೆ ಎತ್ತಿ ಕಟ್ಟಿ ಹೊರಟೇ ಹೋದರು. ಕಪ್ ಕೊಡಲು ಯಾರೂ ಉಳಿಯಲಿಲ್ಲ. ನಾನೇ ಮೇಜಿನಿಂದ ಎತ್ತಿ ಹಸನ್ ಬ್ಯಾರಿಯವರ ಕೈಗಿಟ್ಟೆ.

ಮಾವ ಆಡಿದ ಮಾತಿಗೆ ತಪ್ಪಲಿಲ್ಲ. ಕುಟುಂಬದ ಮದುವೆಗಳಲ್ಲಿ ನನ್ನ ಪಂಕ್ತಿಯಲ್ಲಿ ಕೂರಲಿಲ್ಲ. ಎದುರು ಸಿಕ್ಕರೆ ರಸ್ತೆ ದಾಟುತ್ತಿದ್ದರು. ಅಮ್ಮ ಅತ್ತು, "ಒಮ್ಮೆ ಕಾಲು ಹಿಡಿ, ತಪ್ಪಾಯ್ತು ಹೇಳು" ಎಂದಳು. ತಪ್ಪಾಗಿದ್ದರೆ ಹಿಡಿಯುತ್ತಿದ್ದೆ. ಹಿಡಿಯಲಿಲ್ಲ.

ಮರುವರ್ಷ ಕಪ್ ನಿಲ್ಲುತ್ತದೆ ಎಂದುಕೊಂಡಿದ್ದೆ. ಕ್ಲಬ್ಬುಗಳು ಬಿಡಲಿಲ್ಲ. ನಾನಲ್ಲದೆ ಬೇರೆ ರೆಫ್ರಿಯಾದರೆ ಆಡುವುದಿಲ್ಲವೆಂದು ಬಂದರಿನವರು ಹಟ ಹಿಡಿದರು. ಸೆಮಿಫೈನಲಿನಲ್ಲಿ ಮತ್ತೆ ಅದೇ ಜೋಡಿ. ಉರ್ವದಲ್ಲಿ ಗೋಲಿಲ್ಲದೆ ಸಮವಾಯಿತು. ಬಂದರಿನ ಪಂದ್ಯ ಮುಗಿಯುವ ಹೊತ್ತಿಗೆ ಒಂದು-ಒಂದು. ಉರ್ವದವರದು ಹೊರಗಿನ ಗೋಲು. ನಾನು ವಿಶಲ್ ಊದುತ್ತಿದ್ದಂತೆ ಬಂದರಿನ ಜನ ಎದ್ದರು. ಹಸನ್ ಬ್ಯಾರಿ ಅವರ ಎದುರು ಕೈ ಅಡ್ಡ ಹಿಡಿದು ನಿಂತರು. "ಹೋದ ವರ್ಷ ಕಪ್ ತಗೊಂಡದ್ದು ಇದೇ ನಿಯಮದಲ್ಲಿ. ಸುಮ್ಮನೆ ಕೂತುಕೊಳ್ಳಿ!"

ಅಷ್ಟರಲ್ಲಿ ಗೆರೆಯ ಹತ್ತಿರ ಒಂದು ಪರಿಚಿತ ಧ್ವನಿ. ಮಾವ. ಉರ್ವದ ಹುಡುಗರ ಜೊತೆ ಅವರೂ ಸಿಟಿ ಬಸ್ಸಿನಲ್ಲೇ ಬಂದಿದ್ದರು. ಚಪ್ಪಲಿಯ ತುದಿ ಸುಣ್ಣದ ಗೆರೆಗೆ ತಾಗುತ್ತಿತ್ತು, ಒಳಗೆ ಮಾತ್ರ ಬರಲಿಲ್ಲ.

"ರೆಫ್ರಿಯವರೇ! ನಮ್ಮದು ಹೊರಗಿನ ಗೋಲು ಉಂಟು!"

ವರ್ಷದ ಮೇಲೆ ನನ್ನೊಂದಿಗೆ ಆಡಿದ ಮೊದಲ ಮಾತು ಅದು. ಹುಟ್ಟಿದಂದಿನಿಂದ ನನ್ನನ್ನು ಏಕವಚನದಲ್ಲೇ ಕರೆದವರು. ನನ್ನ ಕಣ್ಣು ತುಂಬಿತು, ಆದರೆ ಹತ್ತಿರ ಹೋಗಲಿಲ್ಲ. ನ್ಯಾಯವಾಗಿ ಊದಿದ ವಿಶಲನ್ನು ಯಾರ ಮುಖ ನೋಡಿಯೂ ವಾಪಸು ತೆಗೆದುಕೊಳ್ಳಬಾರದು, ಸ್ವಂತ ಮಾವನ ಮುಖವಾದರೂ ಸರಿ. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ನಿಂತಲ್ಲಿಂದಲೇ ಉರ್ವದವರ ಕಡೆ ಕೈ ತೋರಿಸಿ, ಜೋರಾಗಿ ಹೇಳಿದೆ:

"ಗೊತ್ತುಂಟು ಮಾವ. ಸಿಟಿ ಬಸ್ಸಲ್ಲಿ ಬಂದರೂ ಹೊರಗಿನದ್ದೇ."