ಹನ್ನೊಂದು ಲಿಂಬೆಗಿಡ, ಒಂದು ಕಂದು ಚೌಕ

ಪ್ರಲ್ಹಾದನಿಗೆ ಐವತ್ತನಾಲ್ಕು ವರ್ಷ, ಎರಡು ಕನ್ನಡಕ. ಒಂದು ದೂರದ್ದು, ಒಂದು ಹತ್ತಿರದ್ದು. ಎರಡನ್ನೂ ಎಲ್ಲಿಟ್ಟೆನೆಂದು ಹುಡುಕಲಿಕ್ಕೆ ಮೂರನೆಯದೊಂದು ಬೇಕೆಂದು ಅವನೇ ಹೇಳಿಕೊಂಡು ನಗುತ್ತಿದ್ದ. ಇಂಥವನಿಗೆ ವಿಜಯಪುರದ ಅಥಣಿ ರಸ್ತೆಯ ಒಂದು ಖಾಸಗಿ ಸರ್ವೆ ಕಚೇರಿಯಲ್ಲಿ ಸಿಕ್ಕ ಕೆಲಸ ಆಕಾಶದಿಂದ ಭೂಮಿಯನ್ನು ನೋಡುವುದು.

ಬಬಲೇಶ್ವರದಲ್ಲಿ ಹುಟ್ಟಿದವನು, ಇಪ್ಪತ್ತು ವರ್ಷ ನಕಾಶೆಗಳನ್ನು ಕೈಯಿಂದ ಎಳೆದವನು. ಅಕ್ಷರ ಮುತ್ತಿನಂಥವು. ಕಂಪ್ಯೂಟರ್ ಬಂದ ಮೇಲೆ ಆ ಮುತ್ತುಗಳು ಓಣಿಯವರ ಅರ್ಜಿಗೆ, ಲಗ್ನಪತ್ರಿಕೆಯ ಲಕೋಟೆಗೆ ಮಾತ್ರ ಉಳಿದಿದ್ದವು. ಕಚೇರಿಯಲ್ಲಿ ಅವನು ಎರಡು ಉಪಗ್ರಹ ಚಿತ್ರಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳುತ್ತಿದ್ದ. ಹಳೆಯದರಲ್ಲಿ ಇಲ್ಲದ್ದು ಹೊಸದರಲ್ಲಿ ಕಂಡರೆ ನಮೂನೆಯಲ್ಲಿ ‘ಬದಲಾವಣೆ ಇದೆ’ ಎಂಬಲ್ಲಿ ಗುರುತು ಹಾಕುವುದು, ಕಾಣದಿದ್ದರೆ ‘ಬದಲಾವಣೆ ಇಲ್ಲ’ ಎಂಬಲ್ಲಿ. ಮೂರನೆಯ ಮಾತಿಗೆ ಆ ನಮೂನೆಯಲ್ಲಿ ಜಾಗವಿರಲಿಲ್ಲ.

ಆ ವರ್ಷ ಬಂದದ್ದು ಟಿಕೋಟಾ ಕಡೆಯ ಒಂದು ರಸ್ತೆ ಅಗಲ ಮಾಡುವ ಕೆಲಸ. ಅದರ ಪ್ರಕಟಣೆ ಎರಡು ಸಾವಿರದ ಹದಿನಾರರ ಮಾರ್ಚಿನಲ್ಲಿ ಹೊರಟು, ಎಂಟು ವರ್ಷ ಕಡತದಲ್ಲಿ ಮಲಗಿ, ಈಗ ಎದ್ದಿತ್ತು. ಪ್ರಕಟಣೆಗಿಂತ ಮೊದಲಿದ್ದ ಗಿಡಮರಗಳಿಗೆ ಪರಿಹಾರ ಉಂಟು, ಆಮೇಲೆ ಹಚ್ಚಿದವಕ್ಕೆ ಇಲ್ಲ. ಹೀಗಾಗಿ ಹದಿನಾರರ ಫೆಬ್ರುವರಿಯ ಹಳೆಯ ಚಿತ್ರ ಮತ್ತು ಈಗಿನ ಹೊಸ ಚಿತ್ರ ಪ್ರಲ್ಹಾದನ ಮೇಜಿಗೆ ಬಂದವು. ಇನ್ನೂರಾ ಹತ್ತು ಸರ್ವೆ ನಂಬರು, ಎಂಟು ದಿನದ ಗಡುವು. ಒಂದು ಹೊಲದಲ್ಲಿ ಹಳೆಯ ಚಿತ್ರದೊಳಗೆ ಬರೀ ಕಂದು ಚೌಕ. ಹೊಸದರಲ್ಲಿ ಬದುವಿನ ಗುಂಟ ಪೋಣಿಸಿದ ಹಾಗೆ ಹನ್ನೊಂದು ಹಸಿರು ಮಣಿ. ಪ್ರಲ್ಹಾದ ‘ಬದಲಾವಣೆ ಇದೆ’ ಎಂದು ಗುರುತು ಹಾಕಿ ಚಹಾ ಕುಡಿಯಲಿಕ್ಕೆ ಎದ್ದ. ನಂಬರಿಗೆ ಹೆಸರಿರುವುದಿಲ್ಲ, ಮುಖವಂತೂ ದೂರ.

ಆ ನಂಬರಿಗೆ ಆಶಾಬಿ ಎಂದು ಹೆಸರಿತ್ತು.

ಟಿಕೋಟಾದ ಆಶಾಬಿ ಪ್ರತಿ ಐತವಾರ ಬಸ್ಸಿನಲ್ಲಿ ಬಂದು ಪ್ರಲ್ಹಾದನ ತಾಯಿ ರಾಧಾಬಾಯಿಗೆ ಲಿಂಬೆಹಣ್ಣು ಕೊಟ್ಟು ಹೋಗುವವಳು. ಹದಿನೈದು ವರ್ಷಕ್ಕೆ ಮೇಲಾಯಿತು. ಹಣ್ಣು ಒಳಗೆ ಹೋಗುತ್ತಿದ್ದವು, ಆಶಾಬಿ ಕಟ್ಟೆಯ ಮೇಲೆ ಕೂಡುತ್ತಿದ್ದಳು. ಅದರ ಬಗ್ಗೆ ಇಬ್ಬರೂ ಎಂದೂ ಮಾತಾಡಿರಲಿಲ್ಲ. ಮಿಕ್ಕ ಎಲ್ಲದರ ಬಗ್ಗೆ ಮಾತಾಡುತ್ತಿದ್ದರು.

ಒಂದು ಐತವಾರ ಆಶಾಬಿ ಹಣ್ಣಿನ ಚೀಲ ಇಳಿಸುವ ಮೊದಲೇ ಸರಕಾರಿ ನೋಟೀಸಿನ ಕಾಗದ ಚಾಚಿದಳು.

“ಬಾಯಾರ, ನಾ ಕಳ್ಳಿ ಆದ್ನಿ ನೋಡ್ರಿ.”

“ಏನಾತ ಆಶಾಬೀ? ಮೊದಲ ಕೂಡು,” ಎಂದಳು ರಾಧಾಬಾಯಿ.

“ರೋಡ ಆಗೂದು ಗೊತ್ತಾದ ಮ್ಯಾಲೆ ರೊಕ್ಕದ ಆಸೇಕ ಗಿಡ ಹಚ್ಚೇನಂತರಿ. ಊರಾಗ ಹತ್ತ ಮಂದಿ ಮುಂದ ಜೋರಾಗಿ ಓದ್ಯಾರ. ನನ್ನ ಮೊಮ್ಮಗಳು ಹೀನಾ ಹುಟ್ಟಿದ ವರ್ಷ ಹಚ್ಚಿದ ಗಿಡಾರಿ ಅವು. ಆಕಿ ಕಾಲೇಜ ಮುಗಿಸ್ಯಾಳ, ಗಿಡಕ್ಕ ಇನ್ನ ಎಂಟ ವರ್ಷನೂ ತುಂಬಿಲ್ಲಂತ! ಹೊಲದ ಉತಾರದಾಗೂ ಬರೀ ಜ್ವಾಳ ಅಂತ ಬರದಾರ, ಬದುವಿನ ಗಿಡ ಬರದೇ ಇಲ್ಲ.”

“ಯಾರು ಹಂಗಂದಾವರು?”

“ಮ್ಯಾಲಿಂದ ಫೋಟೋದಾಗ ನೋಡ್ಯಾರಂತ. ಯಾವನವ ನೋಡಿದಾವ? ಸಿಕ್ಕರ ಅವನ ಕಣ್ಣಾಗ ಹಿಂಡಾಕ ಇಷ್ಟ ಹಣ್ಣ ಸಾಕು.”

ಪ್ರಲ್ಹಾದ ಒಳಗೆ ಊಟಕ್ಕೆ ಕೂತಿದ್ದ. ಬಾಯಲ್ಲಿ ಆಕೆಯದೇ ಗಿಡದ ಉಪ್ಪಿನಕಾಯಿ. ಎದ್ದು ಬಂದು ಕಾಗದದ ಮೇಲಿನ ನಂಬರು ನೋಡಿದ. ಹನ್ನೊಂದು ಮಣಿ ಕಣ್ಣ ಮುಂದೆ ಬಂದವು. ಹತ್ತಿರದ ಕನ್ನಡಕ ಆ ದಿನ ಬೇಗನೆ ಸಿಕ್ಕಿತ್ತು, ಅದೂ ಒಂದು ದುರ್ದೈವ.

“ಪ್ರಲ್ಹಾದಪ್ಪಾ, ನಿನ್ನ ಅಕ್ಷರ ಛಲೋ ಅದಾವ. ನನಗ ರೊಕ್ಕ ಬ್ಯಾಡ, ಆಶಾಬಿ ಸುಳ್ಳಿ ಅಲ್ಲ ಅಂತ ಒಂದ ಅರ್ಜಿ ಬರದ ಕೊಡಪಾ.”

ಅವನು ಬರೆದ. ಎರಡು ಪುಟ, ಒಂದೂ ಹೊಡೆದುಹಾಕದೆ. ಓಣಿಯಲ್ಲಿ ಅಂಥ ಅರ್ಜಿ ಯಾರಿಗೂ ಬರೆದುಕೊಟ್ಟಿರಲಿಲ್ಲ. ಫೋಟೋ ನೋಡಿದವನು ಯಾರು ಎಂಬುದೊಂದನ್ನು ಬಿಟ್ಟು ಎಲ್ಲ ಬರೆದಿದ್ದ.

ಮರುದಿನ ಅವನು ಮೇಲಧಿಕಾರಿ ಸುಶೀಲೇಂದ್ರನ ಮುಂದೆ ನಿಂತ. ಕೈಯಲ್ಲೊಂದು ಚೀಲ. ಸುಶೀಲೇಂದ್ರನಿಗೆ ಮೂವತ್ತೊಂದು ವರ್ಷ, ಕೆಟ್ಟವನಲ್ಲ.

“ಸರ, ಹಳೇ ಚಿತ್ರದಾಗ ಒಂದು ಚೌಕ ಅಂದ್ರ ಇಪ್ಪತ್ನಾಲ್ಕು ಮೀಟರ್. ಅಷ್ಟಕ್ಕೂ ಸೇರಿ ಒಂದ ಬಣ್ಣ. ಹೊಸಾದರಾಗ ಒಂದು ಚೌಕ ಅಂದ್ರ ಅರ್ಧ ಮೀಟರ್. ಬದುವಿನ ಮ್ಯಾಲಿನ ಒಂದ ಸಾಲು ಗಿಡ ಹಳೇದರಾಗ ಹೆಂಗ ಕಾಣಬೇಕ್ರಿ? ಒಂದು ಕೊಡ ನೀರಿಗೆ ಅರ್ಧ ಲಿಂಬಿಹಣ್ಣು ಹಿಂಡಿ, ರುಚಿ ಬರಲಿಲ್ಲ, ಹಣ್ಣ ಇದ್ದಿದ್ದಿಲ್ಲ ಅಂದಂಗಾತು.”

“ಹೌದ್ರಿ ಪ್ರಲ್ಹಾದರಾವ್. ಹೊಸಾದನ್ನೂ ಹಳೇದರಷ್ಟ ಒರಟ, ದೊಡ್ಡ ಚೌಕದ್ದ ಮಾಡಿ ಹೋಲಿಸಬೇಕಿತ್ತು.”

“ಈಗ ಮಾಡಿ ನೋಡಿದೆರಿ. ಎರಡರಾಗೂ ಗಿಡ ಕಾಣಂಗಿಲ್ಲ. ಬದಲಾವಣೆ ಇಲ್ಲ ಅಂತ ಬರ್ತದ.”

“ಮತ್ತ ಮುಗೀತಲ್ಲ!”

“ಏನ ಮುಗೀತ್ರಿ? ಆಗ ಆಕೀ ಹೊಲದಾಗ ಗಿಡಾನ ಇಲ್ಲ ಅಂತ ಆಗ್ತದ. ಮೊದಲ ಕಳ್ಳಿ ಆಗಿದ್ಲು, ಈಗ ಹುಚ್ಚಿ ಆಗ್ತಾಳ.”

“ಮತ್ತೇನ ಬರೀಬೇಕಂತೀರಿ?”

“ಈ ಚಿತ್ರದಾಗ ತಿಳಿಯಂಗಿಲ್ಲ, ಹೊಲಕ್ಕ ಹೋಗಿ ನೋಡ್ರಿ ಅಂತ.”

“ಆ ಕಾಲಂ ಎಲ್ಲದರಿ ನಮೂನಿಯೊಳಗ?”

ಪ್ರಲ್ಹಾದ ಚೀಲದಿಂದ ಒಂದು ಚೀನಿ ಭರಣಿ ತೆಗೆದು ಮೇಜಿನ ಮೇಲಿಟ್ಟ. ಬಾಯಿಗೆ ಬಿಳಿ ಅರಿವೆ ಕಟ್ಟಿತ್ತು. ಅದರ ಮೇಲೆ ರಾಧಾಬಾಯಿಯ ಅಕ್ಷರ: ಮನ್ಮಥ ಸಂವತ್ಸರ, ಶ್ರಾವಣ. ಜ್ವರ ಬಂದು ಬಾಯಿ ಕೆಟ್ಟವರಿಗೆಂದು ಪ್ರತಿ ವರ್ಷ ಒಂದು ಭರಣಿ ಎತ್ತಿಡುವುದು, ಅದರ ಮೇಲೆ ಸಂವತ್ಸರ ಬರೆಯುವುದು ಆ ಮನೆಯ ಪದ್ಧತಿ.

“ಸಾಕ್ಷಿರಿ ಇದು.”

“ಮನ್ಮಥ ಅಂದ್ರ ಯಾವ ಇಸವಿರಿ?”

“ಎರಡು ಸಾವಿರದ ಹದಿನೈದು. ಶ್ರಾವಣ ಅಂದ್ರ ಹಳೇ ಚಿತ್ರಕ್ಕಿಂತ ಆರು ತಿಂಗಳ ಮೊದಲು.”

ಸುಶೀಲೇಂದ್ರ ಅರಿವೆ ಬಿಚ್ಚಿ, ಕಪ್ಪಗಾದ ಒಂದು ಹೋಳನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದ. “ಏನ್ ರುಚಿ ಅದರಿ! ನಮ್ಮ ಅಜ್ಜಿ ನೆನಪಾದಳು.” ಕಣ್ಣು ತೆರೆದ. “ಆದ್ರ ಇದು ಟಿಕೋಟಾದ ಹಣ್ಣ ಅಂತ ಹೆಂಗ ಹೇಳ್ತೀರಿ? ಇಂಡಿ ತಾಲೂಕಿನ ಹಣ್ಣೂ ಇರಬಹುದಲ್ಲ.”

ಪ್ರಲ್ಹಾದ ಭರಣಿಯ ಬಾಯಿಗೆ ಅರಿವೆ ಮತ್ತೆ ಕಟ್ಟಿದ. ಸುಶೀಲೇಂದ್ರ ಬೆರಳು ಒರೆಸಿಕೊಂಡು ಮೆಲ್ಲಗೆ ಹೇಳಿದ: “ನಿಮ್ಮ ಹೋಲಿಕೆ ತಪ್ಪಾಗೇದ ಅಂತ ಬರದ ಕೊಡ್ರಿ, ನಾ ಮುಂದ ಕಳಸ್ತೇನಿ. ಆದ್ರ ಒಂದು ನಂಬರ ತಪ್ಪಂದ್ರ ಇನ್ನೂರಾ ಹತ್ತೂ ತಪ್ಪು. ಆಮ್ಯಾಲೆ ನಿಮ್ಮನ್ನ ಇಟ್ಕೊಳ್ಳೋದು ಬಿಡೋದು ನನ್ನ ಕೈಯಾಗಿಲ್ಲ. ವಿಚಾರ ಮಾಡ್ರಿ.”

ಪ್ರಲ್ಹಾದ ವಿಚಾರ ಮಾಡಿದ. ಹೆದರಿದ ಮನುಷ್ಯ ಸುಮ್ಮನೆ ಕೂಡುವುದಕ್ಕೆ ಅದು ಮರ್ಯಾದೆಯ ಹೆಸರು. ಹನ್ನೆರಡನೆಯ ದಿನ ಅವನ ಮೇಜಿಗೆ ಒಂದು ಅರ್ಜಿ ಬಂತು. ಎರಡು ಪುಟ, ಮುತ್ತಿನಂಥ ಅಕ್ಷರ. ಅಂಚಿನಲ್ಲಿ ಯಾರೋ ಬರೆದಿದ್ದರು: ‘ಪರಿಶೀಲಿಸಿ ವರದಿ ಸಲ್ಲಿಸುವುದು.’ ತಪ್ಪು ಮಾಡಿದ ಮೇಜಿಗೇ ತಪ್ಪಿನ ವಿಚಾರಣೆ ಬರುವುದು ಕಚೇರಿಗಳ ರೂಢಿ. ಅದರ ಹಿಂದೆಯೇ, ಅರ್ಜಿ ಕೊಟ್ಟ ಸರಕಾರಿ ಕಚೇರಿಯ ಸಿಪಾಯಿ ದಾರಿ ತೋರಿಸಿದ್ದರಿಂದ, ಆಶಾಬಿಯೂ ಬಂದು ಬಾಗಿಲಲ್ಲಿ ನಿಂತಳು.

“ಫೋಟೋ ನೋಡಾವರು ಇಲ್ಲೇ ಕೂಡ್ತಾರಂತ… ಅಯ್ಯ, ಪ್ರಲ್ಹಾದಪ್ಪಾ! ನೀ ಇಲ್ಲೇ ಇರ್ತಿ?” ಆಕೆಯ ಮುಖ ಅರಳಿತು. “ಹಂಗಾರ ನನ್ನ ಕೆಲಸ ಆತು ಬಿಡು. ಎಲ್ಲೈತಿ ಆ ಫೋಟೋ, ತೋರಿಸು.”

ಅವನು ತೋರಿಸಿದ. ಆಕೆ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು.

“ಇದರಾಗ ನನ್ನ ಮನಿ ಎಲ್ಲೈತಿ?”

“ಕಾಣಂಗಿಲ್ಲ.”

“ಬಾವಿ?”

“ಅದೂ ಕಾಣಂಗಿಲ್ಲ.”

“ಹಂಗಾರ ಆಗ ನಾನೂ ಇದ್ದಿದ್ದಿಲ್ಲೇನಪಾ?” ಎಂದು ನಕ್ಕಳು. “ಬರಿ ಈಗ. ನಾ ಇಲ್ಲೇ ನಿಂತಿರ್ತೇನಿ.”

ಹೋಲಿಕೆ ತಪ್ಪಾಗಿದೆ ಎಂಬ ಎರಡು ಪದ ಸಾಕಾಗಿತ್ತು. ಆದರೆ ಪ್ರಲ್ಹಾದ ಬರೆದ: ‘ಎರಡು ಸಾವಿರದ ಹದಿನಾರರ ಚಿತ್ರದಲ್ಲಿ ಸದರಿ ಗಿಡಗಳು ಕಂಡುಬರುವುದಿಲ್ಲ.’

“ಏನ ಬರದಿ?”

“ಇದ್ದದ್ದ ಬರದೇನಿ.”

“ಅಲ್ಲಾ ನಿನ್ನ ಕೈ ಛಲೋ ಇಡಲಿ,” ಎಂದು ಆಕೆ ಚೀಲದಿಂದ ನಾಲ್ಕು ಲಿಂಬೆಹಣ್ಣು ತೆಗೆದು ಮೇಜಿನ ಮೇಲಿಟ್ಟು ಹೋದಳು.

ಅರ್ಜಿ ವಜಾ ಆಯಿತು. ಗಿಡಗಳು ಒಂದೇ ಮುಂಜಾನೆಯಲ್ಲಿ ಹೋದವು. ಅದಾದ ಎರಡನೆಯ ಐತವಾರ ಆಶಾಬಿ ಬರಿಗೈಯಲ್ಲಿ ಬಂದಳು. ಕಟ್ಟೆಯ ಮೇಲೆ ಕೂಡಲಿಲ್ಲ.

“ಬಾಯಾರ, ನಿಮ್ಮ ಮಗ ಬರದಿದ್ದನ್ನ ಹೀನಾ ಓದಿ ಹೇಳಿದ್ಲು. ಒಂದಕ್ಷರಾನೂ ಸುಳ್ಳಿಲ್ರಿ ಅದರಾಗ. ಇಷ್ಟ ಹೇಳಿ ಹೋಗೂನು ಅಂತ ಬಂದೆ.”

ರಾಧಾಬಾಯಿ ಕೂಗಿದರೂ ಆಕೆ ತಿರುಗಿ ನೋಡಲಿಲ್ಲ.

ಆ ಮಧ್ಯಾಹ್ನ ಪ್ರಲ್ಹಾದ ಮಜ್ಜಿಗೆ ಅನ್ನ ಕಲಸಿಕೊಂಡು ತಾಟಿನಿಂದ ತಲೆ ಎತ್ತಿದ. “ಅವ್ವಾ, ಒಂದು ಹೋಳು ಹಾಕು.”

ರಾಧಾಬಾಯಿ ಮನ್ಮಥ ಸಂವತ್ಸರದ ಭರಣಿಯ ಬಾಯಿಗೆ ಅರಿವೆ ಬಿಗಿಯಾಗಿ ಕಟ್ಟುತ್ತಿದ್ದಳು. ಕಟ್ಟಿ, ಸ್ಟೂಲು ಹತ್ತಿ, ಮಗನ ಕೈಗೆಟುಕದ ಮೇಲಿನ ಗೂಡಿನಲ್ಲಿ ಅದನ್ನಿಟ್ಟಳು.

“ಇದು ಸಾಕ್ಷಿ ಅಂತ ನೀನ ಒಯ್ದಿದ್ದಿಯಲ್ಲೋ. ಸಾಕ್ಷಿ ಅನ್ನಕ್ಕ ಹಚ್ಕೊಂಡು ತಿನ್ನಾಕ ಬರಂಗಿಲ್ಲ. ಬರೀ ಮಜ್ಜಿಗೀ ಉಣ್ಣು.”