ಮೂರು ಸಲ ತೊಳೆಯಬೇಕಿತ್ತು

ಶೈಲಜಕ್ಕನ ಸಂಶೋಧನೆ ಕೆಡಿಸಿದವನು ನಾನು. ಪ್ರಯೋಗದ ಗಾಜಿನ ಪಾತ್ರೆಗಳನ್ನು ದಿನವೂ ಮೂರು ಸಲ ತೊಳೆಯಬೇಕಿತ್ತು. ಎರಡು ತಿಂಗಳು ಒಂದೇ ಸಲ ತೊಳೆದೆ. ಉಳಿಸಿದ ಹೊತ್ತಿನಲ್ಲಿ ಗೈಡ್ ಸಾರ್ ಗದರುವ ಧಾಟಿಯನ್ನು ಅಣಕಿಸಿ ಲ್ಯಾಬನ್ನು ನಗಿಸಿದೆ. ನನ್ನನ್ನೂ ಅಣಕಿಸಿಕೊಳ್ಳುತ್ತಿದ್ದೆ — ಸೋಮಾರಿಯ ಪಾತ್ರ, ಅಭ್ಯಾಸವೇ ಬೇಕಿರಲಿಲ್ಲ.

ಆಗ ನಾವಿದ್ದದ್ದು ವಿಶಾಖಪಟ್ಟಣದಲ್ಲಿ. ವಿಜಯವಾಡದ ಶೈಲಜಕ್ಕನ ತಾಯಿ ಕನ್ನಡದವರು. ನಾನು ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿಯ ಮಗ, ಅವಳ ಜೂನಿಯರ್. ಮೊಲದ ಶಿಶ್ನದ ಅಂಗಾಂಶವನ್ನು ದ್ರಾವಣದಲ್ಲಿ ಇಳಿಬಿಟ್ಟು, ಅದರ ನರಗಳಿಗೆ ಅವಳು ವಿದ್ಯುತ್ ಕೊಡುತ್ತಿದ್ದಳು. ಮನೆಯಲ್ಲಿ ಕೇಳಿದರೆ ನಾನು "ಯಾವುದೋ ಸ್ನಾಯು" ಎಂದು ಸಾರನ್ನ ಕಲಸುತ್ತಿದ್ದೆ. ನರ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಚೆಲ್ಲುತ್ತದೆ, ಅಂಗಾಂಶ ಬಿಗಿಯುತ್ತದೆ. ಚೆಲ್ಲಿದ್ದು ಹೆಚ್ಚಾದರೆ ಆ ನರದ ತುದಿಯಲ್ಲೇ ಇರುವ ಗ್ರಾಹಕಗಳು, ಅಂದರೆ ರಿಸೆಪ್ಟರುಗಳು, ಅದನ್ನು ಗುರುತಿಸಿ ತಡೆ ಹಾಕುತ್ತವೆ. ಯೋಹಿಂಬಿನ್ ಎಂಬ ಔಷಧದಿಂದ ಗ್ರಾಹಕಗಳನ್ನು ಮುಚ್ಚಿದರೆ ತಡೆ ತಪ್ಪಿ ಇನ್ನಷ್ಟು ಚೆಲ್ಲಬೇಕು. ಅಕ್ಕ ಅಳೆದು ತೋರಿಸಬೇಕಿದ್ದದ್ದು ಅದನ್ನೇ.

ಹೆಚ್ಚಲೇ ಇಲ್ಲ. ಹಿಂದಿನ ದಿನದ ಯೋಹಿಂಬಿನ್ ಪಾತ್ರೆಗೆ ಅಂಟಿಕೊಂಡೇ ಇತ್ತು. ಅವಳು ಔಷಧ ಹಾಕುವ ಮೊದಲೇ ಗ್ರಾಹಕಗಳು ಮುಚ್ಚಿರುತ್ತಿದ್ದವು.

"ಕೊಯ್ಯುವಾಗ ನಾನೇ ನರ ಹರೀತಿದೀನೇನೋ," ಎಂದು ಅವಳು ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದಳು. ನಾನು ಆ ಮಾತನ್ನೂ ಅಣಕಿಸಿದ್ದೆ — ಅವಳ ಎದುರಿಗೇ.

ಒಂದು ದಿನ ಕಾರಣ ಹೊಳೆಯಿತು. ಬಾಯಿ ಬಿಡಲಿಲ್ಲ. ಮರುದಿನದಿಂದ ಮೂರು ಸಲ ತೊಳೆದೆ, ಅಷ್ಟೆ. ಫಲಿತಾಂಶ ಸರಿ ಬರತೊಡಗಿತು — ಅದೇ ಅವಳಿಗೆ ಮುಳುವಾಯಿತು.

"ಆಗ ಒಂದು, ಈಗ ಒಂದು. ಯಾವುದನ್ನಮ್ಮಾ ನಂಬಲಿ?" ಎಂದರು ಸಾರ್.

ಉತ್ತರ ನನ್ನಲ್ಲಿತ್ತು. ಫೆಲೋಶಿಪ್ ಮುಗಿದು, ಪ್ರಬಂಧ ಅರ್ಧಕ್ಕೇ ಬಿಟ್ಟು ಅವಳು ಊರಿಗೆ ಹೋದಳು.

ಹೋದ ತಿಂಗಳು ವಿಜಯವಾಡದಲ್ಲಿ ಅವಳು ಈಗ ಕೆಲಸ ಮಾಡುವ ಔಷಧಿ ಅಂಗಡಿಯಲ್ಲಿ, ಕೌಂಟರಿನ ಈಚೆ ನಿಂತು, ಎಲ್ಲ ಹೇಳಿದೆ. ಯಾರ ಧಾಟಿಯೂ ಇಲ್ಲದೆ — ದಣಿದಿದ್ದೆ. ಅವಳು ಮಾತ್ರೆಯ ಪಟ್ಟಿ ಕತ್ತರಿಸುತ್ತಿದ್ದವಳು ನಿಲ್ಲಿಸಲಿಲ್ಲ.

"ಊರವರ ದನಿಯೆಲ್ಲ ಬರುತ್ತೆ ನಿನಗೆ. 'ನಾನು ತೊಳೀಲಿಲ್ಲ ಅಕ್ಕಾ' ಅಂತ ನಿನ್ನ ದನಿಯಲ್ಲಿ ಅವತ್ತೇ ಅನ್ನೋಕೆ ಏನಾಗಿತ್ತು ರಾ? ಪಕ್ಕಕ್ಕೆ ಸರಿ. ಹಿಂದೆ ಜನ ನಿಂತಿದಾರೆ."